ಕರಕರ ನಿಂತ ದಿನ

ಗಂಡ ಪಾಳಿ ಬದಲಾಯಿಸಿಕೊಂಡು ಮನೆಯಲ್ಲೇ ಉಳಿದಿದ್ದಾನೆ ಅಂತ ಗೊತ್ತಾದ ಗಳಿಗೆಯಿಂದಲೇ ಅವಳ ಕಣ್ಣು ಪದೇ ಪದೇ ಹಿತ್ತಿಲ ಬಾಗಿಲಿಗೆ ಹೋಗುತ್ತಿತ್ತು. ಅದು ಸಾಲದು ಅನ್ನುವಂತೆ ಅವನು ಅಂಗಳದಲ್ಲಿ ತನ್ನ ಹಳೇ ಮೋಟಾರ್‌ಸೈಕಲ್ಲಿನ ಪಕ್ಕ ಗೋಣಿಚೀಲ ಹಾಸಿ, ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ, ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಅವಳ ಹೊಲಿಗೆ ಮಿಷನ್ನಿನ ಮೇಲೆ ಇಟ್ಟ. ಒಳಗೆ ಕಡುಗೆಂಪು ಬಣ್ಣದ ದಪ್ಪ ವೈರು ಸುರುಳಿ ಸುತ್ತಿಕೊಂಡಿತ್ತು.

"ಏನ್ರೀ ಇದು?"

"ಪ್ಲಗ್ ವೈರು. ಕಂಪನಿ ಮಾಲಲ್ಲ, ಹೊರಗಿನವರು ಮಾಡಿದ್ದು. ಗಾಡಿ ಮಾಡಿದ ಕಂಪನಿ ನನಗೆ ಮೀಸೆ ಬರೋಕೆ ಮುಂಚೆನೇ ಬಾಗಿಲು ಹಾಕ್ತು, ಕಂಪನಿದು ಎಲ್ಲಿಂದ ತರ್ಲಿ. ಆದ್ರೆ ಇದು ಅದಕ್ಕಿಂತ ಗಟ್ಟಿ."

"ಈಗಿರೋದಕ್ಕೇನು ಬಂದಿದೆ ರೋಗ? ಓಡ್ತಾ ಇದೆಯಲ್ಲ ಗಾಡಿ."

"ಈಗಿರೋದನ್ನ ವೈರು ಅಂತಾರಾ? ಪಂಪ್‌ಹೌಸಲ್ಲಿ ಬಿಸಾಕಿದ್ದ ಹಳೇ ಇಂಜಿನ್ನಿಂದ ಕಿತ್ಕೊಂಡು ಬಂದಿದ್ದು. ಅರ್ಧ ಕಿಡಿ ಪ್ಲಗ್ಗಿಗೆ ಹೋದ್ರೆ ಇನ್ನರ್ಧ ಅಮ್ಮನ ರೇಡಿಯೋಗೆ ಹೋಗುತ್ತೆ. ನಾನು ಬೀದಿ ತಿರುವಿಗೆ ಬಂದ್ರೆ ಸಾಕು, ಒಳಗೆ ಅದು ಕರಕರ ಅಂತ ಅರಚ್ಕೊಳ್ಳುತ್ತೆ. ಪಾಪ, ಅಮ್ಮ ಒಂದು ನಾಟಕನಾದ್ರೂ ಕೊನೆವರೆಗೆ ಕೇಳಿದಾಳಾ? ಇದರ ಜೊತೆ ಬಂದ ಕ್ಯಾಪಿನೊಳಗೆ, ಕಿಡಿ ರೇಡಿಯೋಗೆ ಹೋಗದ ಹಾಗೆ ತಡೆ ಇಟ್ಟಿದಾರೆ. ಇವತ್ತಿಂದ ಕರಕರ ಬಂದ್."

ಅವನ ಮುಖದಲ್ಲಿ ಸಂತೋಷ ಇತ್ತು. ಅದನ್ನು ಕಂಡು ಅವಳ ಕೈಯಲ್ಲಿದ್ದ ಸೂಜಿ ಬಟ್ಟೆಗೆ ಹೋಗುವ ಬದಲು ಬೆರಳಿಗೆ ಹೋಯಿತು.

ಬೀದಿಯವರ ಬಾಯಲ್ಲಿ ಅವನು ಪಂಪಿನವನು, ಅವಳು ಹೊಲಿಗೆಯವಳು. ಅವನು ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಬಟ್ಟೆ ಹೊಲಿಯುತ್ತಿದ್ದಳು. ಬೆನ್ನ ಹಿಂದೆ ಅವನಿಗೆ ಗುಡುಗು ಅಂತ ಇನ್ನೊಂದು ಹೆಸರೂ ಇತ್ತು. ಅದು ಗಾಡಿಯಿಂದ ಬಂದದ್ದೋ ಗಂಟಲಿನಿಂದ ಬಂದದ್ದೋ ಹೇಳುವುದು ಕಷ್ಟ. ಎರಡೂ ಒಂದೇ ಥರ ಇದ್ದವು, ಒದ್ದರೆ ಸಾಕು, ಎದ್ದು ನಿಲ್ಲುತ್ತಿದ್ದವು.

ಅವನಿಗೊಬ್ಬಳು ಅಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಅಕ್ಕ ತಮ್ಮ ಮಾತು ಬಿಟ್ಟು ಆರು ವರ್ಷವಾಗಿತ್ತು. ಜಗಳಕ್ಕೆ ಕಾರಣ ಈ ಗಾಡಿಯೇ. ಆಗ ಅವನು ಅದನ್ನು ಬಿಚ್ಚಿ ಅಂಗಳದ ತುಂಬ ಹರಡಿದ್ದ. ಇವತ್ತು ಜೋಡಿಸುತ್ತೇನೆ, ನಾಳೆ ಜೋಡಿಸುತ್ತೇನೆ ಅನ್ನುತ್ತಲೇ ಬೇರೆ ಊರಿನ ಪಂಪ್ ರಿಪೇರಿಗೆ ಹೋಗಿಬಿಟ್ಟ. ಅವನು ಇಲ್ಲದಾಗ ತಾಯಿ ಬಟ್ಟೆ ಒಣಹಾಕಲು ಬಂದವಳು ಗಾಡಿಯ ಸ್ಟ್ಯಾಂಡಿಗೆ ಎಡವಿ ಬಿದ್ದು ಸೊಂಟ ಮುರಿದುಕೊಂಡಳು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಬಂದ ಅಕ್ಕ ಹಿಂದೆ ಮುಂದೆ ನೋಡಲಿಲ್ಲ. ಗುಜರಿಯವನನ್ನು ಕೂಗಿ ಕರೆದು ಅಂಗಳದಲ್ಲಿದ್ದ ಕಬ್ಬಿಣವನ್ನೆಲ್ಲ ಗುಡಿಸಿ ಹಾಕಿ ಕಳಿಸಿದಳು. ಅವನು ಬಂದವನೇ ಊರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಒಂದೊಂದೇ ತುಂಡು ಹೆಕ್ಕಿ ತಂದ. ಎಲ್ಲ ಸಿಕ್ಕಿತು, ಪ್ಲಗ್ ವೈರು ಮಾತ್ರ ಸಿಗಲಿಲ್ಲ. ತಾಮ್ರಕ್ಕಾಗಿ ಯಾರೋ ಅದನ್ನು ಸುಲಿದಿದ್ದರು.

"ನಾನು ಬದುಕಿರೋವರೆಗೆ ನೀನು ಈ ಹೊಸ್ತಿಲು ದಾಟಬೇಡ" ಅಂದ ತಮ್ಮ.

"ಈ ಮನೇಲಿ ಕಬ್ಬಿಣ ಮೊದಲು, ಅಮ್ಮ ಆಮೇಲೆ ಅಂತ ಗೊತ್ತಾಯ್ತು ಬಿಡು" ಅಂದಳು ಅಕ್ಕ.

ಯಾರ ಮಾತು ಯಾರನ್ನು ಹೆಚ್ಚು ಕುಕ್ಕಿತು ಅಂತ ಅಳೆಯಲು ಹೋಗಬಾರದು. ಅವನ ಮಾತು ಹೊಸ್ತಿಲಿನದ್ದು, ಮುಂಬಾಗಿಲಿನ ಹೊಸ್ತಿಲು. ಹಿತ್ತಿಲ ಬಾಗಿಲಿನ ಬಗ್ಗೆ ಅವನೇನೂ ಹೇಳಿರಲಿಲ್ಲ ಅಂತ ಅಕ್ಕ ತನಗೆ ತಾನೇ ತೀರ್ಪು ಕೊಟ್ಟುಕೊಂಡು, ವಾರದ ರಜೆಯ ದಿನ ಹಿಂದಿನ ಓಣಿಯಿಂದ ಬರತೊಡಗಿದಳು. ತಾಯಿಯ ಸೊಂಟ ನೀವುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು, ತಲೆ ತೊಳೆಯುತ್ತಿದ್ದಳು. ಮುದುಕಿ ವಾರವಿಡೀ ಅರೆಜೀವವಾಗಿದ್ದು ಆ ಒಂದು ಮಧ್ಯಾಹ್ನಕ್ಕೆ ಪೂರಾ ಜೀವ ತುಂಬಿಕೊಳ್ಳುತ್ತಿದ್ದಳು.

ಸಿಕ್ಕಿಬೀಳದೆ ಇಷ್ಟು ಕಾಲ ನಡೆದದ್ದು ರೇಡಿಯೋದ ದಯೆ. ಪಂಪ್‌ಹೌಸಿನ ಪಾಳಿಗೆ ಹೊತ್ತು ಗೊತ್ತಿಲ್ಲ. ಪೈಪು ಒಡೆದರೆ ರಾತ್ರಿಯವರೆಗೆ, ಕರೆಂಟು ಹೋದರೆ ಮಟಮಟ ಮಧ್ಯಾಹ್ನಕ್ಕೇ ಮನೆಗೆ. ಪಕ್ಕದಲ್ಲಿ ತಗಡಿನವನ ಕೊಟ್ಟಿಗೆ. ಅವನು ಬೆಳಗಿನಿಂದ ಸಂಜೆಯವರೆಗೆ ಡಬ್ಬ ಬಡಿಯುತ್ತಿದ್ದರೆ ಬೀದಿಯಲ್ಲಿ ಯಾವ ಗಾಡಿ ಬಂತು ಯಾವುದು ಹೋಯಿತು ದೇವರಿಗೂ ಕೇಳುವುದಿಲ್ಲ. ರೇಡಿಯೋ ಮಾತ್ರ ಮೋಸ ಮಾಡುತ್ತಿರಲಿಲ್ಲ. ಬೇರೆ ಗಾಡಿಗಳಿಗೆ ಸೊಪ್ಪು ಹಾಕದ ಅದು ಇವನ ಗಾಡಿ ತಿರುವಿಗೆ ಬಂದೊಡನೆ ಕರಕರ ಅನ್ನುತ್ತಿತ್ತು. ಮುದುಕಿ "ಬಂದ" ಅನ್ನುತ್ತಿದ್ದಳು. ಅಕ್ಕ ಸೆರಗು ಸಿಕ್ಕಿಸಿ ಹಿತ್ತಿಲಿಂದ ಮಾಯವಾಗುತ್ತಿದ್ದಳು. ಅವನು ಒಳಗೆ ಬರುವ ಹೊತ್ತಿಗೆ ಹೊಲಿಗೆಯವಳು ಮಿಷನ್ ತುಳಿಯುತ್ತಿರುತ್ತಿದ್ದಳು, ಮುದುಕಿ ನಿದ್ದೆ ಮಾಡುತ್ತಿರುತ್ತಿದ್ದಳು.

ಇವತ್ತು ಅದೇ ರಜೆಯ ದಿನ.

ಹೊಲಿಗೆಯವಳು ಪಾತ್ರೆ ತೆಗೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಗಂಡನ ಅಕ್ಕನಿಗೆ, ತನ್ನ ಅತ್ತಿಗೆಗೆ, ಫೋನು ಹಚ್ಚಿದಳು. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ರಜೆಯ ದಿನವೂ ಬೆಳಿಗ್ಗೆ ಒಂದು ಸುತ್ತು ಬಟ್ಟೆ ಮುಗಿಸಿಯೇ ಅತ್ತಿಗೆಯನ್ನು ಬಿಡುತ್ತಿದ್ದರು, ಅಲ್ಲಿ ಫೋನುಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಹಾಕಿಸಿಕೊಳ್ಳುತ್ತಿದ್ದರು. ಪೆಟ್ಟಿಗೆಯ ಜೊತೆ ಎಷ್ಟು ಮಾತಾಡುವುದು.

"ಏ, ಎಲ್ಲಿ ಹೋದೆ? ಟ್ಯಾಂಕ್ ಹಿಡಿ ಬಾ."

ಹೋಗಿ ಹಿಡಿದಳು. ಟ್ಯಾಂಕಿನ ಕೆಳಗೆ ಕಿಡಿ ಹುಟ್ಟಿಸುವ ಎರಡು ಕಾಯಿಲ್‌ಗಳು ಅವಳಿಜವಳಿ ಥರ ಕೂತಿದ್ದವು, ಎಡದ ಸಿಲಿಂಡರಿಗೆ ಒಂದು, ಬಲಕ್ಕೆ ಒಂದು. ಟ್ಯಾಂಕನ್ನು ಪೂರ್ತಿ ಬಿಚ್ಚಿದರೆ ಪೆಟ್ರೋಲ್ ಪೈಪು ಕೀಳಬೇಕು, ಅದು ಹಳೆಯದು, ಮುಟ್ಟಿದರೆ ಸೀಳುತ್ತದೆ. ಅದಕ್ಕೇ ಹಿಂಬದಿಯನ್ನು ಮಾತ್ರ ಎತ್ತಿ ಹಿಡಿಯಲು ಒಬ್ಬರು ಬೇಕು. ಅವಳು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹಿತ್ತಿಲ ಕಡೆಗೆ ಕತ್ತು ಚಾಚಿದಳು.

"ಆ ಕಡೆ ಏನು ನೋಡ್ತೀಯ? ಅಲುಗಾಡಿಸಬೇಡ."

"ಒಲೆ ಮೇಲೆ ನೀರಿಟ್ಟಿದೀನಿ."

"ನೀರು ಕಾದ್ರೆ ಓಡಿ ಹೋಗುತ್ತಾ?"

ಒಳಗಿನಿಂದ ಮುದುಕಿ ಕೂಗಿದಳು. "ಏನೋ ಮಾಡ್ತಾ ಇದೀಯ ಅಲ್ಲಿ?"

"ನಿನಗೇ ಕಣಮ್ಮ ಮಾಡ್ತಿರೋದು. ಇನ್ಮೇಲೆ ನಿನ್ನ ರೇಡಿಯೋ ಕರಕರ ಅನ್ನಲ್ಲ."

ಒಳಗಿನಿಂದ ಮುದುಕಿಯ ದನಿ ಬಂತು, ಸ್ವಲ್ಪ ಗಡಿಬಿಡಿಯಲ್ಲಿ. "ಕರಕರ ಅಂದ್ರೆ ಅನ್ಲಿ ಬಿಡೋ. ನನಗದು ಒಗ್ಗಿಹೋಗಿದೆ."

"ಒಗ್ಗಿಹೋಗೋಕೆ ಅದೇನು ಮೊಮ್ಮಗನಾ?"

"ಅದು ಕೇಳಿದ್ರೆನೇ ನನಗೆ ನಿದ್ದೆ ಬರೋದು."

"ಕೇಳಿದ್ಯಾ?" ಅಂದ ಅವನು ಹೆಂಡತಿಗೆ, ತಗ್ಗಿದ ದನಿಯಲ್ಲಿ. "ಅಮ್ಮಂಗೆ ಅರಳು ಮರಳು ಶುರುವಾಯ್ತು."

"ಅತ್ತೆ ಬೇಡ ಅಂತಿದಾರಲ್ಲ, ಬಿಟ್ಟುಬಿಡಿ. ಇನ್ನೊಂದು ದಿನ ಹಾಕಿದ್ರಾಯ್ತು."

"ನೀನೂ ಶುರು ಮಾಡಿದ್ಯಾ? ಒಳ್ಳೇದು ಮಾಡೋಕೆ ಹೋದ್ರೆ ಮನೆಮಂದಿಯೆಲ್ಲ ಅಡ್ಡ ಮಲಗ್ತೀರಲ್ಲ."

ಅವನು ಹಳೆಯ ವೈರನ್ನು ಕಾಯಿಲ್‌ನಿಂದ ತಿರುಗಿಸಿ ಎಳೆದ. ಅದರ ಹೊದಿಕೆ ಬಿರುಕುಬಿಟ್ಟು ಒಳಗಿನ ತಾಮ್ರ ಹಸಿರಾಗಿತ್ತು. ಒಂದು ಕಡೆ ಸುಟ್ಟ ಕಲೆ. ಅಲ್ಲಿಂದಲೇ ಕಿಡಿ ಇಂಜಿನ್ನಿನ ಮೈಗೆ ಹಾರುತ್ತಿತ್ತು ಅಂತ ತೋರಿಸಿದ. ಅವಳು ನೋಡಿದಳು. ಆರು ವರ್ಷ ತಮ್ಮ ಮೂವರನ್ನು ಕಾದದ್ದು ಇಷ್ಟೇ ಉದ್ದದ ಒಂದು ಕೊಳಕು ತುಂಡು.

"ಈಗ ಅಳತೆ" ಅಂದ ಅವನು. "ನನ್ನ ಕಣ್ಣಂದಾಜು ಬೇಡ. ನೀನಿದೀಯಲ್ಲ, ಟೇಪು ತಗೊಂಡು ಬಾ. ನಾನು ಟ್ಯಾಂಕ್ ಹಿಡೀತೀನಿ. ಕಾಯಿಲ್ಲಿಂದ ಪ್ಲಗ್ಗಿಗೆ. ಸಿಲಿಂಡರ್ ಸುತ್ತ ಎದ್ದಿರೋ ರೆಕ್ಕೆಗೆ ತಾಗಿ ಸುಡಬಾರದು, ಟ್ಯಾಂಕಿನಡಿ ಸಿಕ್ಕಿಹಾಕಿಕೊಳ್ಳಬಾರದು. ಪೊಟ್ಟಣದಲ್ಲಿ ಇರೋದು ಎರಡಕ್ಕೂ ಸೇರಿ ಒಂದೇ ವೈರು. ಹೆಚ್ಚುಕಮ್ಮಿ ಆದ್ರೆ ಕಥೆ ಮುಗೀತು."

ಕಥೆ ಮುಗಿಯಲಿ ಅಂತಲೇ ಅವಳ ತಲೆಯಲ್ಲಿ ಹೊಳೆದದ್ದು. ಟೇಪು ತಂದಳು, ದೊಡ್ಡ ಕತ್ತರಿಯನ್ನೂ ತಂದಳು. ಗಂಡನ ಕೈ ಎರಡೂ ಟ್ಯಾಂಕಿನ ಮೇಲೆ, ಕಣ್ಣು ಕಾಯಿಲ್ ಮೇಲೆ. ಒಂದು ಗೇಣು ಗಿಡ್ಡ ಕತ್ತರಿಸಿದರೆ ಸಾಕು. ಬೈಯುತ್ತಾನೆ, ಬೈಯಲಿ. ಹೊಸ ವೈರು ಬರುವವರೆಗೆ ಹಳೆಯದೇ ಗತಿ, ಕರಕರವೇ ಗತಿ. ಅವಳು ಗೋಣಿಚೀಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಟೇಪನ್ನು ಕಾಯಿಲ್‌ನಿಂದ ಇಳಿಬಿಟ್ಟು, ರೆಕ್ಕೆಯ ಹೊರಗಿಂದ ಬಳಸಿ ಪ್ಲಗ್ಗಿನ ತಲೆಗೆ ತಂದಳು. ಲೆಕ್ಕ ಮನಸ್ಸಿನಲ್ಲಿ ನಿಂತಿತು. ಅದರಲ್ಲಿ ಒಂದು ಗೇಣು ಕಳೆಯಬೇಕು ಅಂದುಕೊಂಡಳು. ವೈರನ್ನು ತೊಡೆಯ ಮೇಲೆ ಹಾಸಿ ಹೆಬ್ಬೆರಳ ಉಗುರಿನಿಂದ ಗುರುತು ಒತ್ತಿ, ಕತ್ತರಿ ಇಟ್ಟಳು. ಕರಕ್ ಅಂತು.

ಎತ್ತಿ ಹಿಡಿದು ನೋಡಿದರೆ ವೈರು ಸರಿಯಾಗಿತ್ತು. ಸರಿ ಅಂದರೆ, ಮೇಲೆ ಎರಡು ಬೆರಳು ಮಡಿಕೆ ಬಿಟ್ಟು ಸರಿ. ಬಟ್ಟೆಗೆ ಕತ್ತರಿ ಇಟ್ಟು ಇಟ್ಟು, ಅಂಚಿಗೆ ಎರಡು ಬೆರಳು ಬಿಟ್ಟು ಬಿಟ್ಟು ಆ ಕೈಗೆ ಬೇರೆ ದಾರಿ ಗೊತ್ತೇ ಇರಲಿಲ್ಲ. ತಲೆ ಹೇಳಿದ್ದು ಒಂದು, ಕೈ ಮಾಡಿದ್ದು ಇನ್ನೊಂದು. ತನ್ನ ಕೈಯನ್ನೇ ಪರರ ಮನೆಯ ಕೆಲಸದವಳನ್ನು ನೋಡುವಂತೆ ನೋಡಿದಳು. ಎರಡನೆಯದನ್ನಾದರೂ ಕೆಡಿಸೋಣ ಅಂದರೆ, ಮೊದಲನೆಯದು ಇಷ್ಟು ಚೆನ್ನಾಗಿ ಬಂದ ಮೇಲೆ ಎರಡನೆಯದು ಗಿಡ್ಡವಾದರೆ ಬೇಕೆಂದೇ ಮಾಡಿದ್ದು ಅಂತ ಮಗುವಿಗೂ ತಿಳಿಯುತ್ತದೆ.

"ಆಹಾ" ಅಂದ ಅವನು ವೈರು ಕೈಗೆ ತೆಗೆದುಕೊಂಡು. "ನೋಡು, ತುದಿ ಎಷ್ಟು ನೇರ ಕತ್ತರಿಸಿದೀಯ. ನಮ್ಮ ಪಂಪ್‌ಹೌಸಲ್ಲಿ ಇದಾರೆ ದಂಡಪಿಂಡಗಳು, ಒಂದು ವಾಷರ್ ಕತ್ತರಿಸೋಕೆ ಬರಲ್ಲ. ನಿನ್ನನ್ನ ಅಲ್ಲಿ ಕೂರಿಸಬೇಕಿತ್ತು."

ಮದುವೆಯಾದಾಗಿನಿಂದ ಅವನು ಇಷ್ಟು ಬಾಯ್ತುಂಬ ಹೊಗಳಿದ್ದು ಇದೇ ಮೊದಲು. ಅದೂ ಇವತ್ತೇ ಬರಬೇಕಿತ್ತು.

ಅವನು ಕಾಯಿಲ್‌ನ ಕುಳಿಗೆ ಬಳೆಯಾಕಾರದ ರಬ್ಬರ್ ಹಾಕಿ, ವೈರಿನ ತುದಿಗೆ ಚೂರು ಗ್ರೀಸ್ ಸವರಿ, ಒಳಗಿನ ಮೊಳೆ ತಾಮ್ರದ ನಟ್ಟನಡುವೆ ಇಳಿಯುವಂತೆ ಒತ್ತಿ ತಿರುಗಿಸಿದ. ಮೇಲಿನ ನಟ್ಟು ಬಿಗಿದ. ಎಳೆದು ನೋಡಿದ, ಬರಲಿಲ್ಲ. ಇನ್ನೊಂದು ತುದಿಗೆ ಕ್ಯಾಪ್ ತಿರುಗಿಸಿ ಪ್ಲಗ್ಗಿನ ತಲೆಗೆ ಒತ್ತಿದ. ಟಕ್ ಅಂತ ಕೂತಿತು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಅಷ್ಟರಲ್ಲಿ ಅವಳು ಒಲೆಯ ನೆಪ, ಕಸದ ನೆಪ, ಬೆಕ್ಕಿನ ನೆಪ ಹೇಳಿ ಹಿತ್ತಿಲಿಗೆ ಹೋಗಿ ಓಣಿಯಲ್ಲಿ ಇಣುಕಿ ಬಂದಿದ್ದಳು. ಪ್ರತಿ ಸಲವೂ ಓಣಿ ಖಾಲಿ, ಪ್ರತಿ ಸಲವೂ ಅಂಗಳದಿಂದ "ಏ, ಎಲ್ಲಿ ಸತ್ತೆ?" ಅನ್ನುವ ಕೂಗು.

"ನಮ್ಮನೇಲಿ ಬೆಕ್ಕೆಲ್ಲಿದೆ?" ಅಂತ ಅವನು ಕೇಳಿದ್ದು ಅವಳು ಮೂರನೆಯ ಸಲ ವಾಪಸು ಬಂದಾಗ.

"ಬರ್ತಾ ಇರುತ್ತೆ."

"ಹಾಲಿಟ್ಟು ಅಭ್ಯಾಸ ಮಾಡಿರ್ತೀಯ. ಒಂದು ಸಲ ಒಳಗೆ ಬಿಟ್ಕೊಂಡ್ರೆ ಆಮೇಲೆ ಓಡ್ಸೋಕಾಗಲ್ಲ."

ಅವಳು ನೆಲದ ಮೇಲಿದ್ದ ಟೇಪನ್ನು ಎತ್ತಿ ಕತ್ತಿಗೆ ಹಾಕಿಕೊಂಡಳು.

ರೇಡಿಯೋವನ್ನು ಅವನೇ ತಂದು ಕಿಟಕಿಯಲ್ಲಿಟ್ಟ. ಯಾರೋ ತೋಟಕ್ಕೆ ಗೊಬ್ಬರ ಹಾಕುವ ಬಗೆ ಹೇಳುತ್ತಿದ್ದರು. ಗಾಡಿಯ ಮೇಲೆ ಹತ್ತಿ ಕಿಕ್ಕರ್ ಒದ್ದ. ಒಂದು, ಎರಡು, ಮೂರನೆಯದಕ್ಕೆ ಗಾಡಿ ಎದ್ದಿತು. ಹಳೆಯ ಗುಡುಗಿರಲಿಲ್ಲ, ನಡುನಡುವೆ ಕೆಮ್ಮಿರಲಿಲ್ಲ, ಎರಡು ಸಿಲಿಂಡರೂ ಒಂದೇ ಉಸಿರಿನಲ್ಲಿ ಓಡುವ ಮೆದು ಸದ್ದು. ಕಿಟಕಿಯಲ್ಲಿ ಗೊಬ್ಬರದವನು ಒಂದಕ್ಷರ ಬಿಡದೆ, ಕರಕರ ಅನ್ನದೆ, ಗೊಬ್ಬರ ಹಾಕುತ್ತಲೇ ಇದ್ದ.

"ಅಮ್ಮಾ, ಕೇಳ್ತಾ ಇದೆಯಾ?"

"ಕೇಳ್ತಾ ಇದೆ" ಅಂದಳು ಮುದುಕಿ ಒಳಗಿಂದ, ಯಾರೋ ಸತ್ತ ಸುದ್ದಿ ಕೇಳಿದವಳ ಹಾಗೆ.

"ಒಂದು ಒಳ್ಳೆ ಮಾತಾಡೋಕೇನು ಕಷ್ಟ ಇವಳಿಗೆ" ಅಂದ ಅವನು. ಆದರೆ ಅವನ ಸಂತೋಷ ಅಷ್ಟಕ್ಕೆಲ್ಲ ಕುಂದುವಂಥದ್ದಾಗಿರಲಿಲ್ಲ. "ಪಂಪ್‌ಹೌಸಿನವರೆಗೆ ಹೋಗಿ ಬರ್ತೀನಿ. ಬಿಸಿಯಾದ ಮೇಲೂ ಹೀಗೇ ಓಡುತ್ತಾ ನೋಡಬೇಕು."

ಅವನು ತಿರುವಿನಲ್ಲಿ ಮರೆಯಾದನೋ ಇಲ್ಲವೋ, ಹಿತ್ತಿಲ ಬಾಗಿಲು ಕಿರ್ ಅಂತು.

ಅತ್ತಿಗೆ ಚಪ್ಪಲಿ ಕಳಚಿ ಮೂಲೆಗೆ ತಳ್ಳಿದಳು. ಬಿಸಿನೀರಲ್ಲಿ ನೆನೆದು ನೆನೆದು ಬೆಳ್ಳಗಾದ ಅವಳ ಬೆರಳುಗಳು ಯಾವಾಗಲೂ ಆಗಷ್ಟೇ ಕೆಲಸ ಬಿಟ್ಟು ಬಂದಂತೆ ಕಾಣುತ್ತಿದ್ದವು.

"ಅತ್ತಿಗೆ, ಹೋಗಿಬಿಡಿ. ಇವತ್ತು ಬೇಡ. ಅವರು ಮನೇಲೇ ಇದ್ರು, ಈಗಷ್ಟೇ ಹೋದ್ರು, ಈಗ ಬರ್ತಾರೆ."

"ಬಂದ್ರೆ ರೇಡಿಯೋ ಹೇಳುತ್ತಲ್ಲ."

"ಹೇಳಲ್ಲ. ಹೊಸ ವೈರು ಹಾಕಿದಾರೆ. ನಾನೇ ಕತ್ತರಿಸಿಕೊಟ್ಟೆ."

"ಒಳ್ಳೆ ಕೆಲಸ ಮಾಡಿದೆ" ಅಂದಳು ಅತ್ತಿಗೆ. "ಅಮ್ಮನ ತಲೆ ಹೇಗಿದೆ ನೋಡು, ಗುಬ್ಬಿಗೂಡು. ಹೋದ ವಾರಾನೂ ತೊಳೆದಿಲ್ಲ. ಒಂದು ಚಣದಲ್ಲಿ ಮುಗಿಸಿ ಹೋಗ್ತೀನಿ. ನೀನು ಬಕೆಟ್ಟಿಗೆ ನೀರು ತಗೊಂಡು ಬಾ."

"ಅತ್ತಿಗೆ, ನನ್ನ ಮಾತು ಕೇಳಿ."

"ಕೇಳಿದೀನಿ. ನೀರು ತಾ."

ಅಕ್ಕ ತಮ್ಮ ಇಬ್ಬರದೂ ಒಂದೇ ಅಚ್ಚು. ಮೂಗು ಬೇರೆ ಅಷ್ಟೇ, ಹಟ ಒಂದೇ. ಮುದುಕಿ ಅಷ್ಟರಲ್ಲೇ ಕೋಲು ಊರಿಕೊಂಡು ಬಚ್ಚಲಿನ ಸ್ಟೂಲಿನ ಮೇಲೆ ಕೂತಾಗಿತ್ತು. ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ, ಮಗಳ ಕೈಗೆ ತಲೆ ಕೊಟ್ಟುಬಿಟ್ಟಿದ್ದಳು. "ಬರೋದಾದ್ರೆ ಬರ್ಲಿ ಬಿಡ್ರೇ" ಅಂದಳು. "ನನ್ನ ತಲೆ ಅರ್ಧ ಮಾಡಿ ಮಾತ್ರ ಹೋಗಬೇಡಿ."

ಸೋಪಿನ ನೊರೆ ಎದ್ದಿತು. ಹೊಲಿಗೆಯವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಂಬಾಗಿಲಿಗೆ ಬಂದಳು, ಬೀದಿ ನೋಡಿದಳು. ಬಚ್ಚಲಿಗೆ ಹೋದಳು, ನೊರೆ ನೋಡಿದಳು. ಮತ್ತೆ ಬಾಗಿಲಿಗೆ ಬಂದಳು. ಪಕ್ಕದಲ್ಲಿ ತಗಡಿನವನು ಢಣಢಣ ಬಡಿಯುತ್ತಿದ್ದ. ಕಿಟಕಿಯಲ್ಲಿ ರೇಡಿಯೋ ಈಗ ಹಾಡುತ್ತಿತ್ತು, ಸ್ಫಟಿಕದಷ್ಟು ಸ್ವಚ್ಛವಾಗಿ. ಮೊದಲೆಲ್ಲ ಅದು ಹಾಡುತ್ತಿದ್ದರೆ ಅವನು ದೂರ ಇದ್ದಾನೆ ಅಂತ ನೆಮ್ಮದಿ. ಈಗ ಆ ಹಾಡೇ ಮೈಮೇಲೆ ಇರುವೆ ಹರಿದ ಹಾಗೆ. ಅವನು ಪಂಪ್‌ಹೌಸಿನಲ್ಲಿರಬಹುದು, ತಿರುವಿನಲ್ಲಿರಬಹುದು, ಬೆನ್ನ ಹಿಂದೆಯೇ ಇರಬಹುದು. ರೇಡಿಯೋದ ಕಿವಿ ಹಿಂಡಬೇಕೆನಿಸಿತು.

ಇನ್ನು ತಡೆಯಲಾಗಲಿಲ್ಲ. ಕತ್ತಿನ ಟೇಪನ್ನೂ ತೆಗೆಯದೆ ಬೀದಿಯ ತಿರುವಿಗೆ ಬಿರಬಿರನೆ ನಡೆದಳು. ದಾರಿಯಲ್ಲೇ ಒಂದು ಸುಳ್ಳು ಹೊಲಿದುಕೊಂಡಳು. ನೀಲಿ ದಾರ ಮುಗಿದಿದೆ, ಗಾಡಿ ಹೇಗೂ ಬಿಸಿಯಾಗಿದೆ, ದೊಡ್ಡ ಪೇಟೆಗೆ ಹೋಗಿ ತಂದುಕೊಡಿ. ಅಷ್ಟು ಹೊತ್ತು ಸಿಕ್ಕರೆ ಎರಡು ತಲೆ ತೊಳೆಯಬಹುದು. ಇವತ್ತು ದಾಟಿದರೆ ಮುಂದಿನ ವಾರದ್ದು ಮುಂದಿನ ವಾರ.

ಗಾಡಿ ಬಂತು. ಎಷ್ಟು ಮೆತ್ತಗೆ ಬಂತೆಂದರೆ, ಅವಳು ರಸ್ತೆಯ ನಡುವೆ ನಿಲ್ಲದಿದ್ದರೆ ಅವಳಿಗೇ ತಿಳಿಯುತ್ತಿರಲಿಲ್ಲ. ಕೈ ಅಡ್ಡ ಹಿಡಿದಳು. ಅವನು ಬ್ರೇಕ್ ಒತ್ತಿ ನಿಲ್ಲಿಸಿದ. ಹೆಂಡತಿಯ ಮುಖ ನೋಡಿದವನೇ ಬಿಳಿಚಿಕೊಂಡ.

"ಏನಾಯ್ತು? ಅಮ್ಮ ಬಿದ್ಲಾ?"

ಆ ದನಿ ಗುಡುಗಿನದ್ದಾಗಿರಲಿಲ್ಲ. ಪಂಪಿನವನಿಗೆ ಅಂಥ ದನಿ ಇದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಮೈಯೆಲ್ಲ ಹೆದರಿಕೆಯಾಗಿ ಕೂತಿದ್ದ ಅವನ ಮುಂದೆ ಆ ನೀಲಿ ದಾರದ ಸುಳ್ಳು ತಾನೇ ಬಿಚ್ಚಿಹೋಯಿತು.

"ಇಲ್ಲ. ಬಿದ್ದಿಲ್ಲ. ಚೆನ್ನಾಗಿದಾರೆ. ತಲೆ ತೊಳೆಸ್ಕೊಳ್ತಿದಾರೆ."

"ನೀನಿಲ್ಲಿದೀಯ. ಯಾರು ತೊಳೀತಿರೋದು?"

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಿಮ್ಮಕ್ಕ."

ಇಂಜಿನ್ ಅದೇ ಒಂದು ಉಸಿರಿನಲ್ಲಿ ಓಡುತ್ತಿತ್ತು. ಅವನು ಅದನ್ನು ಆರಿಸಲಿಲ್ಲ.

"ಇವತ್ತು ಬಂದ್ಲಾ?"

"ಪ್ರತಿ ವಾರ ಬರ್ತಾರೆ. ನೀವು ಬರಬೇಡ ಅಂದ ಮಾರನೇ ವಾರದಿಂದ."

"ನಾನೇನು ಕುರುಡನಾ?"

"ಕುರುಡರಲ್ಲ. ನೀವು ತಿರುವಿಗೆ ಬಂದ ಕೂಡ್ಲೆ ರೇಡಿಯೋ ಹೇಳ್ತಿತ್ತು. ಅವರು ಹಿತ್ತಿಲಿಂದ ಹೋಗ್ತಿದ್ರು."

ಅವನು ತಲೆ ಬಗ್ಗಿಸಿ ಟ್ಯಾಂಕಿನ ಕೆಳಗೆ ಕಾಣುತ್ತಿದ್ದ ಕಡುಗೆಂಪು ವೈರನ್ನು ನೋಡಿದ. ಕಿವಿಯ ಬುಡದಿಂದ ಕೆಂಪು ಮೇಲೇರುವುದು ಅವಳಿಗೆ ಕಾಣುತ್ತಿತ್ತು. "ಅಂದ್ರೆ ಇಷ್ಟು ದಿನ ನಾನು ಡಂಗುರ ಹೊಡ್ಕೊಂಡು ನನ್ನ ಮನೆಗೆ ನಾನು ಬರ್ತಿದ್ದೆ."

ಡಬ್ಬದ ಸದ್ದು ನಿಂತಿತ್ತು. ತಗಡಿನವನು ಸುತ್ತಿಗೆ ಹಿಡಿದು, ಬಾಯಿ ತೆರೆದುಕೊಂಡು ಬಾಗಿಲಲ್ಲಿ ನಿಂತಿದ್ದ.

"ನಿಂದೇನೋ ನೋಟ? ನಿನ್ನ ಡಬ್ಬ ಬಡಿ ಹೋಗು."

"ಬಡೀತೀನಣ್ಣ" ಅಂದ ತಗಡಿನವನು, ಮತ್ತು ಬಡಿಯಲಿಲ್ಲ.

ಪಂಪಿನವನು ಗಾಡಿಯನ್ನು ಅವಳ ಪಕ್ಕದಿಂದ ಬಳಸಿ ಮನೆಯ ಕಡೆ ಓಡಿಸಿದ. ಅವಳು ಸೆರಗು ಹಿಡಿದು ಹಿಂದೆ ಓಡಿದಳು. ಅವಳು ಬರುವಷ್ಟರಲ್ಲಿ ಅವನು ಚಪ್ಪಲಿಗಾಲಲ್ಲೇ ಒಳಗೆ ನುಗ್ಗಿ ಬಚ್ಚಲ ಬಾಗಿಲಲ್ಲಿ ನಿಂತಿದ್ದ.

ಅಕ್ಕ ತಿರುಗಿ ನೋಡಲಿಲ್ಲ. ಮೊಣಕೈವರೆಗೆ ನೊರೆ, ಬೆರಳು ತಾಯಿಯ ಕೂದಲಲ್ಲಿ. ಕೈ ಮಾತ್ರ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು.

"ಯಾರನ್ನ ಕೇಳಿ ಬಂದೆ?"

"ನಿನ್ನನ್ನ ಕೇಳಿ ಬರೋಕೆ ನೀನೇನು ಆಸ್ಪತ್ರೆ ವಾಚ್‌ಮನ್ನಾ?"

"ಬರಬೇಡ ಅಂದಿದ್ದೆ ನಾನು."

"ಮುಂಬಾಗಿಲು ದಾಟಬೇಡ ಅಂದಿದ್ದೆ. ದಾಟಿಲ್ಲ. ಬೇಕಾದ್ರೆ ಹೆಜ್ಜೆ ಗುರುತು ನೋಡ್ಕೋ."

"ಕಳ್ಳಿ ಥರ ಹಿತ್ತಿಲಿಂದ ಬರ್ತೀಯ, ನಾಚಿಕೆ ಆಗಲ್ವಾ?"

"ಹೆತ್ತ ತಾಯಿ ತಲೆ ತೊಳೆಯೋಕೆ ಕಳ್ಳಿ ಥರ ಬರೋ ಹಾಗೆ ಮಾಡಿದವನಿಗೆ ಮೊದಲು ಆಗ್ಲಿ. ಆಮೇಲೆ ನನಗೆ."

"ನನ್ನ ಗಾಡಿ ಗುಜರಿಗೆ ಹಾಕಿದವಳು ನೀನು."

"ಹಾಕಿದೆ. ಇವತ್ತೂ ಅಡ್ಡ ಬಿದ್ದಿದ್ರೆ ಇವತ್ತೂ ಹಾಕ್ತೀನಿ. ಅವಳ ಸೊಂಟದ ಮೂಳೆ ಯಾವ ಅಂಗಡೀಲಿ ಹುಡುಕಿ ತಂದ್ಯೋ ನೀನು? ಹೇಳು."

ಅಷ್ಟರಲ್ಲಿ ಮುದುಕಿ ಕಿರುಚಿದಳು. "ಅಯ್ಯೋ, ಕಣ್ಣಿಗೆ ಸೋಪು ಬಿತ್ತು ಕಣ್ರೋ. ಉರೀತಿದೆ. ಜಗಳ ಆಮೇಲಾಡಿ, ಮೊದಲು ನೀರು ಹಾಕಿ."

ಅಕ್ಕನ ಎರಡೂ ಕೈ ನೊರೆ. ಚೊಂಬು ಬಕೆಟ್ಟಿನ ಅಂಚಿನಲ್ಲಿತ್ತು, ಬಕೆಟ್ಟು ಅವನ ಕಾಲ ಬುಡದಲ್ಲಿತ್ತು. ಊರಿಗೆಲ್ಲ ನೀರು ಬಿಡುವವನು ಒಂದು ಚಣ ಆ ಚೊಂಬನ್ನು ಪರದೇಶದ ಯಂತ್ರ ನೋಡುವಂತೆ ನೋಡಿದ. ಆಮೇಲೆ ಬಗ್ಗಿ ತುಂಬಿ ಹೊಯ್ದ.

"ಅಮ್ಮನ್ನ ಬೇಯಿಸ್ತೀಯೇನೋ? ತಣ್ಣೀರು ಬೆರೆಸು."

"ಬೆರೆಸೋಕೆ ನನಗೆ ಗೊತ್ತು. ನೀನೇನೂ ಹೇಳ್ಕೊಡಬೇಡ."

"ಗೊತ್ತಿದ್ರೆ ಬೆರೆಸು ಮತ್ತೆ. ನೆತ್ತಿ ಮೇಲೆ ಹಾಕು, ಕಿವಿಯೊಳಗಲ್ಲ."

"ಕಿವಿಯೊಳಗೆ ಯಾರು ಹಾಕಿದ್ರು? ಹಿಂದೆ ಸರಿ, ನೀನು ಅಡ್ಡ ನಿಂತಿದೀಯ."

"ಆರು ವರ್ಷ ಅಡ್ಡ ನಿಂತಿದ್ದು ನೀನು."

ನೀರು ಬೀಳುತ್ತಿತ್ತು, ಬೈಗುಳ ಬೀಳುತ್ತಿತ್ತು. ಎರಡರ ನಡುವೆ ಮುದುಕಿ ಕಣ್ಣು ಮುಚ್ಚಿ, ಇಬ್ಬರ ದನಿಯನ್ನೂ ಒಟ್ಟಿಗೆ ತಲೆಯ ಮೇಲೆ ಸುರಿಸಿಕೊಳ್ಳುತ್ತ ಕೂತಿದ್ದಳು. "ಇನ್ನೊಂದು ಚೊಂಬು" ಅನ್ನುತ್ತಿದ್ದಳು ಆಗಾಗ. ನೊರೆ ಪೂರ್ತಿ ಹೋದ ಮೇಲೂ ಅನ್ನುತ್ತಿದ್ದಳು.

ಅತ್ತಿಗೆ ಹೊರಟಾಗ ಹಿತ್ತಿಲಿಂದ ಚಪ್ಪಲಿ ತಂದು ಮುಂಬಾಗಿಲಲ್ಲಿ ಹಾಕಿಕೊಂಡಳು. ಅವನು ಅಂಗಳದಲ್ಲಿ ಕೂತು ಬಿಗಿದಾಗಿದ್ದ ನಟ್ಟನ್ನೇ ಮತ್ತೆ ಬಿಗಿಯುತ್ತಿದ್ದ. "ಮುಂದಿನ ವಾರ ಸೊಂಟಕ್ಕೆ ಬೇರೆ ಎಣ್ಣೆ ತರ್ತೀನಮ್ಮ" ಅಂತ ಅವಳು ಒಳಗಿದ್ದ ತಾಯಿಗೆ ಬೀದಿಗೆಲ್ಲ ಕೇಳುವಂತೆ ಹೇಳಿ, ಅವನ ಸ್ಪ್ಯಾನರುಗಳನ್ನು ದಾಟಿ ಹೋದಳು. ಬರಬೇಡ ಅನ್ನಲು ಅವನಿಗೆ ಬೇಕಾದಷ್ಟು ಹೊತ್ತಿತ್ತು. ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ.

ಹೊಲಿಗೆಯವಳು ಮಿಷನ್ ಮುಂದೆ ಕೂತು ಒಂದೇ ಹೊಲಿಗೆಯನ್ನು ಹಾಕಿ ಬಿಚ್ಚುತ್ತಿದ್ದಳು. ಅಕ್ಕನ ಸರದಿ ಆಯಿತು, ಇನ್ನು ತನ್ನದು. ಅವನು ಕೂಗುತ್ತಾನೆ ಅಂತ ಕಾದಳು. ಕೂಗಲಿಲ್ಲ. ಬಂದು ಕೈ ತೊಳೆದ, ಅವಳ ಪಕ್ಕದಲ್ಲೇ ಹಾದುಹೋದ, ಕಂಬ ದಾಟುವಂತೆ ದಾಟಿದ. ಅಕ್ಕನಿಗೆ ಅಷ್ಟು ಬೈದವನಿಗೆ ಹೆಂಡತಿಗೆ ಕೊಡಲು ಒಂದು ಬೈಗುಳವೂ ಇಲ್ಲ. ಅದು ಅವಳನ್ನು ಯಾವ ಗುಡುಗಿಗಿಂತಲೂ ಹೆಚ್ಚು ನಡುಗಿಸಿತು. ಮಾತು ಬಿಡುವುದರಲ್ಲಿ ಇವರ ವಂಶದ ಕೈ ಎಷ್ಟು ಪಳಗಿದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಊಟಕ್ಕೆ ಬನ್ನಿ" ಅಂದಳು.

"ನನಗೆ ಬೇಡ."

"ಬೇಡದಿದ್ರೆ ಬಿಡಿ."

ಅವನು ತಿರುಗಿದ. "ಏನಂದೆ?"

"ಬೇಡದಿದ್ರೆ ಬಿಡಿ ಅಂದೆ. ಹಸಿದಾಗ ನೀವೇ ಬರ್ತೀರ."

"ಆರು ವರ್ಷ, ನನ್ನ ಮನೇಲಿ, ನನ್ನ ಬೆನ್ನ ಹಿಂದೆ, ನನ್ನ ಹೆಂಡತಿ..." ಅವನ ದನಿ ಏರತೊಡಗಿತು. ಪಕ್ಕದಲ್ಲಿ ಡಬ್ಬದ ಸದ್ದು ಮತ್ತೆ ನಿಂತಿತು.

ಅವಳು ಸೂಜಿಯಿಂದ ದಾರ ಕಡಿದು, ಬಟ್ಟೆ ಮಡಚಿಟ್ಟು, ಎದ್ದು ನಿಂತಳು. ಆ ಮನೆಯಲ್ಲಿ ಅವಳು ಆರು ವರ್ಷ ಪಿಸುಗುಟ್ಟಿದ್ದಳು. ಬಾಗಿಲಲ್ಲಿ, ಬಚ್ಚಲಲ್ಲಿ, ಓಣಿಯಲ್ಲಿ, ಫೋನಿನಲ್ಲಿ, ಎಲ್ಲ ಕಡೆ ಪಿಸುಮಾತು. ಗಟ್ಟಿಯಾಗಿ ಹೇಳಬೇಕಾದದ್ದು ತುಂಬ ಉಳಿದುಹೋಗಿತ್ತು.

"ಹೂಂ, ನಿಮ್ಮ ಹೆಂಡತಿ" ಅಂದಳು, ಬೀದಿಯ ಆ ತುದಿಗೂ ಕೇಳುವ ಹಾಗೆ. "ಏನೀಗ? ಕೂತ್ಕೊಳ್ಳಿ, ಹೇಳ್ತೀನಿ."